ಸಾಹುಕಾರನ ಹಣೆಯ ಕುಂಕುಮ

ಯಿಶುನ್, ಸಿಂಗಪುರ
೧೬ ಅಕ್ಟೋಬರ್ ೨೦೧೬, ಭಾನುವಾರ

ಪ್ರೀತಿಯ ಅಪ್ಪಾ,

ನಮಸ್ಕಾರ. ಮಂಡಿನೋವು ಹೇಗಿದೆ? ಅಂಗಡಿಯಲ್ಲಿ ಪಟಗಳಿಗೆ ಗಾಜು ಕೊಯ್ಯುವಾಗ ನಿಂತೇ ಇರಬೇಡಿ, ಸ್ಟೂಲ್ ಹಾಕಿಕೊಳ್ಳಿ ಎಂದು ಎಷ್ಟು ಸಲ ಹೇಳಿದರೂ ನೀವು ಕೇಳುವವರಲ್ಲ. ಅಮ್ಮ ದಸರಾ ಗೊಂಬೆಗಳನ್ನು ಎತ್ತಿಟ್ಟಳೇ? ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ಆರು ದಿನದಿಂದ ಊಟ ಸೇರುತ್ತಿಲ್ಲ. ಫೋನಿನಲ್ಲಿ ಹೇಳಹೊರಟರೆ ಅತ್ತುಬಿಡುತ್ತೇನೆ, ಅದಕ್ಕೇ ಈ ಕಾಗದ.

ಇಲ್ಲಿ ಉಬಿ ಎಂಬ ಬಡಾವಣೆಯಲ್ಲಿರುವ ನಮ್ಮ ವರ್ಕ್‌ಶಾಪಿಗೆ ಹಳೆಯ ಚಿತ್ರವೊಂದು ದುರಸ್ತಿಗೆ ಬಂದಿದೆ ಎಂದಿದ್ದೆನಲ್ಲ, ಹದಿನೆಂಟನೇ ಶತಮಾನದ ಯುರೋಪಿನ ಸಾಹುಕಾರನೊಬ್ಬನ ತೈಲಚಿತ್ರ. ಬೆನ್ನ ಹಿಂದೆ ಗ್ರೀಕ್ ದೇವಾಲಯದಂಥ ಕಂಬ, ಕಪ್ಪು ಕೋಟು, ಹೊಟ್ಟೆಯ ಮೇಲೆ ಬಿಗಿದು ನಿಂತ ಗುಂಡಿಗಳು, ಮುಖದಲ್ಲಿ ಈಗಷ್ಟೇ ಹಬ್ಬದೂಟ ಮುಗಿಸಿದವನ ನೆಮ್ಮದಿ. ಎರಡು ತಿಂಗಳು ಕೂತು ಆ ಮುಖದ ಹಳದಿಗಟ್ಟಿದ ವಾರ್ನಿಷ್ ತೆಗೆದಿದ್ದೆ. ಆಯುಧಪೂಜೆಯ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ, ನೀವು ಕಲಿಸಿದ ಹಾಗೆ ಬ್ರಷ್ಷು, ಚಾಕುಗಳಿಗೆಲ್ಲ ನೀರಿನಲ್ಲಿ ಕಲಸಿದ ಕುಂಕುಮ ಇಟ್ಟೆ. "ಸಾಮಾನೆಲ್ಲ ಆಯ್ತಾ, ಈಗ ಪಟಗಳಿಗೂ ಇಟ್ಬಿಡು ಪುಟ್ಟಿ" ಅನ್ನುತ್ತಿದ್ದಿರಲ್ಲ. ಕೈ ತಾನಾಗಿ ಹೋಯಿತು ಅಪ್ಪಾ. ಸಾಹುಕಾರನ ಹಣೆಗೂ ಒಂದು ಬೊಟ್ಟು ಇಟ್ಟುಬಿಟ್ಟೆ. ನಮ್ಮ ಅಂಗಡಿಯಲ್ಲಿ ಎಲ್ಲ ಪಟಕ್ಕೂ ಗಾಜಿರುತ್ತದೆ. ಇವನಿಗೆ ಇರಲಿಲ್ಲ. ತಕ್ಷಣ ಒರೆಸಿದೆ, ಆದರೆ ಕೆಂಪು ಅಷ್ಟರಲ್ಲಿ ಬಣ್ಣದ ಬಿರುಕುಗಳಿಗೆ ಇಳಿದಿತ್ತು.

ಯಜಮಾನರು ಬಂದು ನೋಡಿ ಯಾರು ಮಾಡಿದ್ದು ಎಂದಾಗ ನಾನು ಕುಂಕುಮ ಇಟ್ಟ ಬ್ರಷ್ಷು, ಚಾಕುಗಳನ್ನು ಮೆಲ್ಲಗೆ ಡ್ರಾಯರಿಗೆ ಸರಿಸಿದೆ. ಅವರ ಕಣ್ಣು ಗುಡಿಸಿ ಒರೆಸುವ ಸರಳಾ ಆಂಟಿಯ ಮೇಲೆ ಬಿತ್ತು. ಹೊಸೂರಿನ ಕಡೆಯವರು, ನನಗೆಂದು ಡಬ್ಬಿಯಲ್ಲಿ ಚಿತ್ರಾನ್ನ ತರುವವರು. ಅವರ ಹಣೆಯಲ್ಲಿ ದಿನವೂ ಕುಂಕುಮ, ನನ್ನದು ಬರಿ ಹಣೆ. ಅಷ್ಟು ಸಾಕಾಯಿತು, ನಾಳೆಯಿಂದ ಬರಬೇಡ ಎಂದರು. ಹೊರಡುವಾಗ ಆಂಟಿ ನನ್ನ ಹತ್ತಿರ ಬಂದು, "ನಾನು ಅದನ್ನ ಮುಟ್ಟೇ ಇಲ್ಲಮ್ಮ, ನೀನಾದ್ರೂ ನಂಬು" ಅಂದರು. ನಂಬುತ್ತೇನೆ ಎಂದು ತಲೆಯಾಡಿಸಿದೆ. ನಾನು ಮಾಡಿದ್ದು ಅಷ್ಟೇ. ಹೇಳಿದರೆ ಕೆಲಸ ಹೋಗುತ್ತದೆ, ಅದರ ಜೊತೆಗೆ ಇಲ್ಲಿರಲು ಕೊಟ್ಟ ಪಾಸೂ ಹೋಗುತ್ತದೆ. ಕನ್ನಡಿ ನೋಡಿಕೊಳ್ಳಲು ನಾಚಿಕೆಯಾಗುತ್ತಿದೆ ಅಪ್ಪಾ.

ಅಮ್ಮನಿಗೆ ಸದ್ಯ ಏನೂ ಹೇಳಬೇಡಿ. ಅವಳಿಗೂ ನಿಮಗೂ ನನ್ನ ನಮಸ್ಕಾರ. ಬಯ್ದರೂ ಸರಿ, ಆಶೀರ್ವಾದ ಮಾತ್ರ ಕಳಿಸಿ.

ನಿಮ್ಮ
ಮೈತ್ರೇಯಿ

ಮ.ಬ.: ಲಕೋಟೆ ಅಂಟಿಸುವ ಮುಂಚೆ ಯಜಮಾನರಿಗೆ ಫೋನ್ ಮಾಡಿ ಹೇಳಿಬಿಟ್ಟೆ. ನಾಳೆಯಿಂದ ಸರಳಾ ಆಂಟಿ ಕೆಲಸಕ್ಕೆ ಹೋಗುತ್ತಾರೆ, ನಾನು ಹೋಗುವಂತಿಲ್ಲ. ಗಾಜು ಕೊಯ್ಯಲು ಒಬ್ಬರು ಬೇಕೆನ್ನುತ್ತಿದ್ದಿರಲ್ಲ ಅಪ್ಪಾ, ಯಾರನ್ನಾದರೂ ಇಟ್ಟುಕೊಂಡಿರಾ?