ಮುತ್ತಣ್ಣನವರ ಕೋವಿಗೆ ಬೇರೆ ಸ್ಕೋಪು

ಮುತ್ತಣ್ಣನವರೇ,

ಕಾಣುವುದು ಹೆಚ್ಚಾದಷ್ಟೂ ಹೊಡೆತ ಕೆಡುತ್ತದೆ ಎಂದಿದ್ದಿರೋ, ಹೊಡೆಯುವವನು ಕೆಡುತ್ತಾನೆ ಎಂದಿದ್ದಿರೋ, ಈಗ ಸರಿಯಾಗಿ ನೆನಪಿಗೆ ಬರುತ್ತಿಲ್ಲ. ಪರ್ತ್‌ನ ಹೊರಗೆ ಗುಂಡು ಹೊಡೆಯುವ ಆ ರೇಂಜಿನಲ್ಲಿ, ತಗಡಿನ ಮಾಡಿನ ಕೆಳಗೆ ಕೂತು, ಥರ್ಮಾಸಿನಿಂದ ಕಾಫಿ ಬಗ್ಗಿಸುತ್ತಾ ಹೇಳಿದ್ದು ಮಾತ್ರ ಖಂಡಿತ. ನಾನು ಅವತ್ತು ಕೋವಿಯ ಮೇಲೆ ಕೂರಿಸುವ ದುರ್ಬೀನು, ಹೊಸ ಸ್ಕೋಪು ತಂದಿದ್ದೆ. ಆರು ಪಟ್ಟಿನಿಂದ ಇಪ್ಪತ್ನಾಲ್ಕು ಪಟ್ಟಿನವರೆಗೆ ತಿರುಗಿಸಬಹುದಾದದ್ದು. ನಿಮ್ಮ ಕೋವಿಯ ಮೇಲಿದ್ದದ್ದು ತಿರುಗಿಸಲು ಏನೂ ಇಲ್ಲದ ಹಳೆಯದು. ಆರು ಪಟ್ಟು, ಅಷ್ಟೇ. ನನ್ನದನ್ನು ಅಂಗೈಯಲ್ಲಿ ತೂಗಿ ನೋಡಿ, "ಎಂತ ಮಾರಾಯ, ಚಂದ್ರನ ಮೇಲೆ ಹಂದಿ ಉಂಟಾ?" ಎಂದಿರಿ.

ಅದಕ್ಕೂ ಮೊದಲು, ಗಣಿಯ ಊಟದ ಕೋಣೆಯಲ್ಲಿ ನಿಮ್ಮನ್ನು ನೋಡಿದ ದಿನ ನೆನಪಾಗುತ್ತದೆ. ನೀವು ಅಲ್ಲಿ ಸರ್ವೇಯರ್, ನಾನು ಹೊಸದಾಗಿ ಬಂದ ಭೂವಿಜ್ಞಾನಿ. ನನ್ನ ತಟ್ಟೆಯಲ್ಲಿ ಬರೀ ಅನ್ನ, ಬೀನ್ಸು, ಉಪ್ಪಿನಕಾಯಿ ಕಂಡು ನೇರವಾಗಿ ಕನ್ನಡದಲ್ಲೇ "ಮೈಸೂರಿನ ಪುಳಿಚಾರಾ?" ಎಂದು ಕೇಳಿದಿರಿ. ಪರದೇಶದಲ್ಲಿ ಒಬ್ಬರು ನನ್ನನ್ನು ಇಷ್ಟು ನಿಖರವಾಗಿ ಗುರುತಿಸಿದ್ದು ಅದೇ ಮೊದಲು. ಮುಂದಿನ ರಜೆಯಲ್ಲಿ ನನ್ನನ್ನು ರೇಂಜಿಗೆ ಕರೆದುಕೊಂಡು ಹೋದಿರಿ. ನಾನು ಹಿಂಜರಿದಾಗ, "ಪೇಪರಿಗೆ ಹೊಡೆದರೆ ಪಾಪ ಬರೋದಿಲ್ಲ, ಬಾ" ಎಂದಿರಿ. ನಲವತ್ತು ದಾಟಿದವನೊಬ್ಬ ಹೀಗೆ ಕೋವಿ ಹಿಡಿದ. ಅದರಲ್ಲಿ ನನಗೆ ಹಿಡಿಸಿದ್ದು ಏನು? ಸದ್ದಲ್ಲ. ಉಸಿರು ಬಿಟ್ಟು, ಇನ್ನೊಂದನ್ನು ಎಳೆದುಕೊಳ್ಳುವ ಮೊದಲು, ನಾನು ಎಂಬುದು ಸ್ವಲ್ಪ ಹೊತ್ತು ಕಡಿಮೆಯಾಗುತ್ತದಲ್ಲ, ಅದಿರಬೇಕು.

ತೋಟಾಗಳನ್ನು ನೀವೇ ತುಂಬುತ್ತಿದ್ದಿರಿ. ಮದ್ದನ್ನು ಚೂರು ಕಡಿಮೆ, ಚೂರು ಹೆಚ್ಚು, ಅವೆರಡರ ನಡುವೆ ಒಂದು, ಹೀಗೆ ಮೂರು ಅಳತೆ. ಒಂದೊಂದರಲ್ಲಿ ಐದು ಗುಂಡು, ನೂರು ಮೀಟರ್ ಆಚೆಯ ಕಾಗದಕ್ಕೆ. ಯಾವ ಅಳತೆಯ ತೂತುಗಳು ಒತ್ತೊತ್ತಾಗಿ ಬೀಳುತ್ತವೋ ಅದು ಈ ಕೋವಿಗೆ ಒಗ್ಗಿತು ಎಂದು ಲೆಕ್ಕ. ಆದರೆ ನಿಮ್ಮ ಮೂರೂ ಸಾಮಾನ್ಯವಾಗಿ ಒಂದೇ ಥರ ಕಾಣುತ್ತಿದ್ದವು. ಐವತ್ತು ಸೆಂಟಿನ ನಾಣ್ಯ ಇಟ್ಟರೆ ಮುಚ್ಚಿಹೋಗುವಷ್ಟು.

"ಆರರಲ್ಲಿ ನಿಮ್ಮ ಗಾಜಿನೊಳಗಿನ ಗೆರೆ ಕಾಗದದ ಚುಕ್ಕೇನೇ ಮುಚ್ಚಿಬಿಡತ್ತೆ. ಗುಂಡು ಚದುರಿದ್ದು ಮದ್ದಿನಿಂದಲೋ ನಿಮ್ಮಿಂದಲೋ ಹೇಗೆ ಗೊತ್ತಾಗಬೇಕು?" ಎಂದು ನಾನು.

"ಹೊಡೆಯೋದು ನಾನೇ ಅಲ್ವಾ? ನನ್ನನ್ನ ಮನೇಲಿ ಬಿಟ್ಟು ಕೋವಿ ಒಂದೇ ಹೋಗ್ತದಾ?" ಎಂದು ನೀವು. ಯಾವುದರಲ್ಲಿ ಹೊಡೆಯುತ್ತೀಯೋ ಅದರಲ್ಲೇ ಪರೀಕ್ಷೆ ಮಾಡಬೇಕು ಎಂಬುದು ನಿಮ್ಮ ವಾದ. ಮದ್ದನ್ನು ಪರೀಕ್ಷಿಸುವಾಗ ಮನುಷ್ಯನ ಪಾಲು ಆದಷ್ಟು ಕಡಿಮೆಯಾಗಬೇಕು, ಅದಕ್ಕೆ ಚುಕ್ಕೆಯ ನಟ್ಟನಡುವೆ ಗುರಿಯಿಡುವಷ್ಟು ದೊಡ್ಡದಾಗಿ ಕಾಣಬೇಕು, ಆಮೇಲೆ ಬೇಟೆಗೆ ಬೇಕಾದರೆ ಆರಕ್ಕೆ ಇಳಿಸಿಕೊಳ್ಳಿ ಎಂಬುದು ನನ್ನದು. ಕಲ್ಲನ್ನು ಮಸೂರದಲ್ಲಿ ನೋಡಿ ಹೊಟ್ಟೆ ಹೊರೆಯುವವನ ವಾದ. ನಮ್ಮಿಬ್ಬರಲ್ಲಿ ಯಾರೂ ಸೋಲಲಿಲ್ಲ. ಸೋಲುವ ಉದ್ದೇಶವೇ ಇರಲಿಲ್ಲ ಅಲ್ಲವೇ?

ಒಂದೇ ಒಂದು ಸಲ ನೀವು ನನ್ನ ಸ್ಕೋಪಿಗೆ ಕಣ್ಣಿಟ್ಟಿರಿ. ನೀವು ಪರ್ತ್ ಬಿಡುವ ಮುಂಚಿನ ಚಳಿಗಾಲ. ಇಪ್ಪತ್ನಾಲ್ಕರಲ್ಲಿತ್ತು. ಮರಳುಚೀಲದ ಮೇಲೆ ಕೋವಿ, ಕೆನ್ನೆ ಆನಿಸಿ ತುಂಬಾ ಹೊತ್ತು ನೋಡಿದಿರಿ. ಬೆರಳು ಕೋವಿಯ ಕುದುರೆ ಒತ್ತಲು ಹೋಗಲಿಲ್ಲ. ಆಮೇಲೆ ಎದ್ದು ನಿಂತು, "ಇದೆಂತ, ಎಲ್ಲ ಕುಣೀತದೆ. ನಿನ್ನ ಗಾಜು ನಿನಗೇ ಇರಲಿ" ಎಂದಿರಿ. ಬಿಸಿಲಿನ ಝಳಕ್ಕೆ ಹಾಗೆ ಕಾಗದ ತೇಲಿದಂತೆ ಕಾಣುತ್ತದೆ, ಹದಿನಾರಕ್ಕೆ ಇಳಿಸಿದರೆ ನಿಲ್ಲುತ್ತದೆ ಎಂದು ನಾನು ವಿವರಿಸುತ್ತಲೇ ಇದ್ದೆ. ನೀವು ಕಾಫಿಯ ಮುಚ್ಚಳ ತಿರುಗಿಸುತ್ತಿದ್ದಿರಿ. ಅವತ್ತು ಬಿಸಿಲೇ ಇರಲಿಲ್ಲ, ಬೆಳಗಿನಿಂದ ಮೋಡ ಎಂಬುದು ನನಗೆ ಹೊಳೆದದ್ದು ಎಷ್ಟೋ ಕಾಲದ ಮೇಲೆ.

ನಿವೃತ್ತಿಯಾಗಿ ನೀವೂ ನಿಮ್ಮ ಹೆಂಡತಿ ಬೊಳ್ಳಮ್ಮಕ್ಕನೂ ಅಡಿಲೇಡಿನ ಬ್ಲೇರ್ ಅಥಾಲ್‌ಗೆ ಹೋದ ಮೇಲೆ ನಮ್ಮದು ಫೋನಿನ ಸ್ನೇಹವಾಯಿತು. ನಿಮ್ಮ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತದ ಮರುದಿನ ನೀವು ಮಾಡಿದ ಕರೆ ನೆನಪಿದೆ. ಊರಾಚೆಯ ಫಾರ್ಮಿನಲ್ಲಿ ಕೊಡವರೆಲ್ಲ ಸೇರಿದ್ದರು. ಕೋವಿಗೆ ಮುಡಿಸುವ ತೋಕ್ ಪೂ ಇಲ್ಲಿ ಸಿಗುವುದಿಲ್ಲವಾದ್ದರಿಂದ ಹಳದಿ ವಾಟಲ್ ಹೂ ಮುಡಿಸಿ ಪೂಜೆ ಮಾಡಿದ್ದಿರಿ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಹಿರಿಯರೆಂದು ಮೊದಲ ಗುಂಡು ನಿಮ್ಮದು. ತಪ್ಪಿತು. ಎರಡನೆಯದೂ ತಪ್ಪಿತು. "ಕೋವಿ ಸರಿಯಿಲ್ಲ ಅಂತ ಹೇಳಿ ಕೆಳಗಿಟ್ಟೆ" ಎಂದಿರಿ ನನಗೆ, ಹವಾಮಾನ ಹೇಳುವಷ್ಟೇ ಸಲೀಸಾಗಿ. ಕೋವಿಯನ್ನು ದಾಟಬಾರದು, ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು ಎಂದು ನನಗೆ ಕಲಿಸಿದವರು ನೀವು. ಪೂಜೆಯ ದಿನವೇ, ಅಷ್ಟು ಜನರ ಎದುರಿಗೆ, ಕೋವಿಯ ಮೇಲೆ ತಪ್ಪು ಹೊರಿಸಿದಿರಾ? ನಾನು ಕೇಳಲಿಲ್ಲ. ನೀವು ಪರ್ತ್‌ನ ಮಳೆಯ ವಿಚಾರ ಎತ್ತಿದಿರಿ.

ಬೇಸಿಗೆಯಲ್ಲಿ ನಿಮ್ಮ ಮಗಳು ದೇಚು ಬ್ರಿಸ್ಬೇನಿನಿಂದ ಫೋನು ಮಾಡಿದಳು. ನಿಮ್ಮ ಹೃದಯ ನಿಂತು ಆಗಲೇ ಮೂರು ವಾರವಾಗಿತ್ತು. ಕರ್ಮಾಂತರಕ್ಕೆ ನಾನು ಬಂದು ಹೋಗಿದ್ದೆ. ಅವಳು ಅಲ್ಲಿಯ ಸೇಂಟ್ ಲೂಸಿಯಾದ ತನ್ನ ಪ್ರಯೋಗಾಲಯದಿಂದ ಹೊರಗೆ ಬಂದು ಮಾತನಾಡುತ್ತಿರಬೇಕು, ಹಿಂದೆ ಬಸ್ಸಿನ ಸದ್ದು. "ಅಂಕಲ್, ಲೈಸೆನ್ಸ್ ಅಪ್ಪನ ಹೆಸರಲ್ಲಿತ್ತಲ್ಲ, ಅದಕ್ಕೆ ಅಪ್ಪನ ರೈಫಲ್ ಈಗ ಗನ್ ಡೀಲರ್ ಹತ್ರ ಇದೆ. ಅಮ್ಮ ಪೊಲೀಸಿಗೆ ಕೊಟ್ಟು ಡೆಸ್ಟ್ರಾಯ್ ಮಾಡಿಸ್ತೀನಿ ಅಂತಿದ್ದಾರೆ. ಇಟ್ಕೊಳ್ಳೋದಾದ್ರೆ ನನ್ನ ಹೆಸರಿಗೆ ಬೇಗ ಅಪ್ಲೈ ಮಾಡ್ಬೇಕು. ಬಟ್ ಈಸ್ ಇಟ್ ಎನಿ ಗುಡ್? ನೀವು ಒಂದ್ಸಲ ನೋಡ್ತೀರಾ?"

ಮರುವಾರ ನನ್ನ ಸ್ಕೋಪನ್ನು ಬಿಚ್ಚಿ ಕೈಚೀಲದಲ್ಲಿ ಹಾಕಿಕೊಂಡು ಅಡಿಲೇಡಿನ ವಿಮಾನ ಹತ್ತಿದೆ. ಡೀಲರ್ ಒಳ್ಳೆಯ ಮನುಷ್ಯ. ಕೋವಿಯನ್ನೂ ನೀವು ತುಂಬಿಟ್ಟಿದ್ದ ಮೂರು ಡಬ್ಬಿ ತೋಟಾಗಳನ್ನೂ ತಾನೇ ರೇಂಜಿಗೆ ತಂದು, ಪಕ್ಕದ ಕುರ್ಚಿಯಲ್ಲಿ ಟೋಪಿ ಮುಖಕ್ಕೆಳೆದುಕೊಂಡು ಕೂತ. ಆರ್ವೋ ಆದರೆ, ಎಂದರೆ ಮಧ್ಯಾಹ್ನವಾದರೆ, ಗಾಳಿ ಏಳುತ್ತೆ ಮೇಟ್, ಈಗಲೇ ಮುಗಿಸು ಎಂದ. ಮೊದಲು ನಿಮ್ಮ ಮರ್ಯಾದೆಗೆ ನಿಮ್ಮ ಆರರ ಸ್ಕೋಪಿನಲ್ಲೇ ಹೊಡೆದೆ. ಮೂರು ಅಳತೆ, ಮೂರು ಗುಂಪು. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲ. ಇದರಲ್ಲಿ ನಾನೆಷ್ಟು, ಕೋವಿಯೆಷ್ಟು, ಮದ್ದೆಷ್ಟು? ಕಾಗದ ಹೇಳಲಿಲ್ಲ.

ಆಮೇಲೆ ನನ್ನದನ್ನು ಕೂಡಿಸಿ, ಗುರಿ ಹೊಂದಿಸಿ, ಇಪ್ಪತ್ನಾಲ್ಕಕ್ಕೆ ತಿರುಗಿಸಿದೆ. ಚುಕ್ಕೆ ತಟ್ಟೆಯಷ್ಟಾಯಿತು. ಆದರೆ ಎದೆ ಬಡಿದಾಗಲೆಲ್ಲ ಗೆರೆ ಸರಿದು ಮತ್ತೆ ಬರುತ್ತಿತ್ತು. ಬಿಸಿಲೇರಿ ಕಾಗದದ ಅಂಚು ನೀರಿನಲ್ಲಿದ್ದಂತೆ ಬಳುಕುತ್ತಿತ್ತು. ಅಷ್ಟು ಕಂಡಾಗ ಮನುಷ್ಯ ಗೆರೆಯನ್ನು ಬೆನ್ನಟ್ಟುತ್ತಾನೆ, ಸಿಕ್ಕ ಕ್ಷಣದಲ್ಲಿ ಗಬಕ್ಕನೆ ಒತ್ತುತ್ತಾನೆ. ಹೊಡೆಯುವವನು ಕೆಡುವುದು ಹೀಗೆಯೇ. ಅಷ್ಟರಮಟ್ಟಿಗೆ ನಿಮ್ಮ ಮಾತು ಸರಿ. ನಿಧಾನವಾಗಿ ಇಳಿಸುತ್ತಾ ಬಂದೆ. ಹದಿನೆಂಟರಲ್ಲಿ ಝಳ ತಗ್ಗಿತು, ಚುಕ್ಕೆಯ ನಡು ಇನ್ನೂ ಸ್ಪಷ್ಟವಿತ್ತು. ಅಲ್ಲೇ ನಿಲ್ಲಿಸಿದೆ. ಕೆನ್ನೆ ಕೋವಿಯ ಮರದ ಮೇಲೆ ಹಾಗೇ ಇದ್ದಾಗ ನಮ್ಮ ಪರ್ತ್‌ನ ಆ ಮೋಡದ ದಿನ ನೆನಪಾಯಿತು. ನೀವು ಅವತ್ತು ನೋಡಿದ್ದು ಝಳವಲ್ಲ. ಮರಳುಚೀಲದ ಮೇಲೂ ನಿಲ್ಲದ ನಿಮ್ಮ ಕೈಯನ್ನು. ಡೀಲರ್ ಟೋಪಿ ಎತ್ತಿ ಏನಾಯಿತು ಎಂದ. ಏನಿಲ್ಲ ಎಂದು ಹೊಡೆಯತೊಡಗಿದೆ.

ಈ ಸಲ ಮೂರು ಅಳತೆಗಳೂ ಬೇರೆ ಬೇರೆಯಾಗಿ ನಿಂತವು. ಕಡಿಮೆಯದು ಮೇಲೆ ಕೆಳಗೆ ಹರಡಿತು. ಹೆಚ್ಚಿನದು ಎರಡು ಕಡೆ ಒಡೆಯಿತು. ನಡುವಿನ ಡಬ್ಬಿಯದು ಐದೂ ಒಂದರೊಳಗೊಂದು ಬಿದ್ದು, ಐದು ಸೆಂಟಿನ ನಾಣ್ಯದಡಿ ಮುಚ್ಚುವ ಒಂದೇ ಹರಕು ತೂತು. ಡಬ್ಬಿಯ ಮುಚ್ಚಳದ ಮೇಲೆ 'ಇದು' ಎಂದು ನೀವು ಬರೆದಿದ್ದಿರಿ. ಮೂರೂ ಒಂದೇ ಥರ ಕಾಣುವ ಸ್ಕೋಪಿನಲ್ಲಿ ಇದನ್ನೇ ಹೇಗೆ ಆರಿಸಿದಿರೋ ನನಗಂತೂ ಗೊತ್ತಾಗಲಿಲ್ಲ. ಕೋವಿಯಲ್ಲಿ ಏನೂ ತಪ್ಪಿರಲಿಲ್ಲ. ಮೂರರಲ್ಲಿ ಕೆಟ್ಟ ಅಳತೆಯೂ ಒಂದು ತೆಂಗಿನಕಾಯಿಗೆ ಧಾರಾಳ ಸಾಕು.

ಕಾಗದಗಳನ್ನು ಸುತ್ತಿಕೊಂಡು ಬ್ಲೇರ್ ಅಥಾಲ್‌ಗೆ ಬರುವ ದಾರಿಯಲ್ಲಿ ಅಂದುಕೊಂಡೆ: ಕೋವಿ ಉಳಿಯಬೇಕಾದರೆ ಅದು ಚೆನ್ನಾಗಿದೆ ಎನ್ನಬೇಕು. ಚೆನ್ನಾಗಿದೆ ಎಂದರೆ, ಹಾಗಾದರೆ ತಪ್ಪಿದ್ದು ಏನು ಎಂಬ ಪ್ರಶ್ನೆ ಬರುತ್ತದೆ. ನೀವು ಮುಚ್ಚಿಟ್ಟದ್ದನ್ನು ನಿಮ್ಮ ಮಗಳ ಎದುರು ನಾನು ತೆರೆಯಬೇಕೇ? ಕೆಟ್ಟುಹೋಗಿದೆ ಎಂದುಬಿಟ್ಟರೆ ಎಲ್ಲರಿಗೂ ಸುಲಭ. ಕೋವಿಯನ್ನು ಕತ್ತರಿಸಿ ಕರಗಿಸುತ್ತಾರೆ, ನಿಮ್ಮ ಮಾತು ನಿಲ್ಲುತ್ತದೆ.

ದೇಚು ಬ್ರಿಸ್ಬೇನಿನಿಂದ ಬಂದಿದ್ದಳು. ಬೊಳ್ಳಮ್ಮಕ್ಕ ಅಕ್ಕಿತರಿಯ ಉಂಡೆ ಕಡಂಬುಟ್ಟು ಮಾಡಿ, ನನಗೆಂದು ಬೇರೆ ಬಾಣಲೆಯಲ್ಲಿ ಕುಂಬಳಕಾಯಿ ಪಲ್ಯ ಇಟ್ಟಿದ್ದರು. ಕಾಗದ ಬಿಚ್ಚುತ್ತಲೇ ದೇಚು ಕೇಳಿದಳು, "ಸೋ, ರೈಫಲ್ ಓಕೆನಾ?"

"ಚೆನ್ನಾಗಿದೆ" ಎಂದೆ. ಬಾಯಿಗೆ ಅದೇ ಬಂತು.

"ಅದು ಸರಿಯಿಲ್ಲ ಅಂತ ಅಪ್ಪ ಅಂದ್ರಲ್ಲ?"

"ಅವತ್ತು ಗಾಳಿ ಇತ್ತೇನೋ. ಬಯಲಲ್ಲಿ ನಿಂತು ಹೊಡೆಯುವಾಗ ಬೆಳಕು ಬೇರೆ…"

"ಗಾಳಿ ಎಂತದೂ ಇರ್ಲಿಲ್ಲ" ಎಂದರು ಬೊಳ್ಳಮ್ಮಕ್ಕ, ಒಲೆಯ ಕಡೆಯಿಂದ ತಿರುಗದೆಯೇ. "ಅವರ ಕೈ ನಡುಗ್ತಿತ್ತು. ಕಾಫಿ ಲೋಟ ಎರಡೂ ಕೈಲಿ ಹಿಡೀತಿದ್ರು. ಡಾಕ್ಟ್ರು ಕಾಯಿಲೆ ಹೆಸರೂ ಹೇಳಿದ್ರು. ಯಾರಿಗೂ ಹೇಳ್ಬೇಡ ಅಂದ್ರು, ದೇಚುಗಂತೂ ಬೇಡವೇ ಬೇಡ ಅಂತ."

"ಅಮ್ಮಾ, ಐ ನ್ಯೂ." ದೇಚುವಿನ ದನಿ ಏರಲಿಲ್ಲ. "ವಿಡಿಯೋ ಕಾಲಲ್ಲಿ ಫೋನನ್ನ ಯಾವಾಗ್ಲೂ ಉಪ್ಪಿನಕಾಯಿ ಜಾಡಿಗೆ ಒರಗಿಸಿಡ್ತಿದ್ರು. ಕೈಲಿ ಹಿಡೀತಾನೇ ಇರ್ಲಿಲ್ಲ. ನಾನು ಅಪ್ಪನ ಬಗ್ಗೆ ಕೇಳ್ತಿಲ್ಲ ಅಂಕಲ್. ರೈಫಲ್ ಬಗ್ಗೆ ಕೇಳ್ತಿದೀನಿ."

ನೋಡಿ, ಎಲ್ಲರಿಗೂ ಗೊತ್ತಿತ್ತು. ಒಬ್ಬೊಬ್ಬರೂ ನಿಮ್ಮ ಗುಟ್ಟನ್ನು ಉಳಿದಿಬ್ಬರಿಂದ ಕಾಪಾಡುತ್ತಿದ್ದರು.

"ಹಾಗಾದರೆ ಅಕ್ಕ, ಕೊಟ್ಟುಬಿಡೋಣ ಅಂದದ್ದು ಯಾಕೆ?" ಎಂದೆ.

"ಅವರು ಅದನ್ನ ಬೈದು ಹೋದ್ರು. ಬೈಸಿಕೊಂಡ ಕೋವೀನ ಇಟ್ಕೊಂಡು ಯಾವ ಮುಖದಲ್ಲಿ ಪೂಜೆ ಮಾಡೋದು?"

"ಬೈದಿದ್ದು ಸುಳ್ಳು ಅಂತ ಇಲ್ಲೇ ಪೇಪರಲ್ಲಿದೆಯಲ್ಲ" ಎಂದು ದೇಚು ನಡುವಿನ ಗುಂಪನ್ನು ಮುಂದೆ ಚಾಚಿದಳು. ಬೊಳ್ಳಮ್ಮಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದು ಆ ಹರಕು ತೂತಿಗೆ ಬೆರಳಿಟ್ಟರು. "ಇದು ಒಂದಾ?"

"ಐದು."

"ಅವರು ತುಂಬಿದ್ದೇ ಅಲ್ವಾ?"

ಹೌದು ಎಂದೆ. ಅವರು ಬೆರಳು ಅಲ್ಲೇ ಇಟ್ಟುಕೊಂಡು ನಿಂತರು. ಆಮೇಲೆ ಕಡಂಬುಟ್ಟು ಆರುತ್ತದೆ, ಏಳಿ ಎಂದರು.

ನಿಮಗೆ ತಲುಪದ ಸುದ್ದಿ ಇಷ್ಟು. ದೇಚುವಿಗೆ ಅನುಮತಿ ಸಿಕ್ಕಿತು. ಕೋವಿ ಈಗ ಬ್ರಿಸ್ಬೇನಿನಲ್ಲಿ, ಇಂಡೂರೂಪಿಲ್ಲಿಯ ಅವಳ ಬಾಡಿಗೆ ಮನೆಯ ಉಕ್ಕಿನ ಕಪಾಟಿನಲ್ಲಿದೆ. ಹದಿನೆಂಟರಲ್ಲಿ ಆರಿಸಿದ ಆ ಅಳತೆಯನ್ನೇ ಅವಳೂ ತುಂಬುತ್ತಾಳೆ. ನಾನು ಹಾಗೆಂದರೆ, ಹದಿನೆಂಟಲ್ಲ, ಅಪ್ಪ ಆರರಲ್ಲೇ ಆರಿಸಿದ್ದು ಎಂದು ನನ್ನನ್ನು ತಿದ್ದುತ್ತಾಳೆ. ಈ ಸೆಪ್ಟೆಂಬರಿನ ಕೈಲ್ ಮುಹೂರ್ತಕ್ಕೆ ಅಲ್ಲಿಯ ನಾಲ್ಕಾರು ಕೊಡವರ ಮನೆಯವರು ಒಂದು ಫಾರ್ಮಿನಲ್ಲಿ ಸೇರಿದ್ದರು. ಬೊಳ್ಳಮ್ಮಕ್ಕ ಅಡಿಲೇಡಿನಿಂದ ಹೋಗಿ ತಾವೇ ಕೋವಿಗೆ ವಾಟಲ್ ಹೂ ಮುಡಿಸಿದರಂತೆ. ನಾನು ಅವಳಿಗೆ ಬಿಟ್ಟುಬಂದಿದ್ದ ಸ್ಕೋಪನ್ನು ಕಾಯಿಗೆ ಎಷ್ಟು ಪಟ್ಟಿಗೆ ಇಡಲಿ ಎಂದು ದೇಚು ನನ್ನನ್ನು ಕೇಳಿದ್ದಳು. ಪರೀಕ್ಷೆ ಮುಗಿದ ಮೇಲೆ ನನ್ನ ಗಾಜಿಗೆ ಕೆಲಸವಿಲ್ಲ, ಅಪ್ಪನದನ್ನೇ ಹಾಕಿಕೋ ಎಂದೆ. ನಿಂತು ಹೊಡೆದಳು. "ಫಸ್ಟ್ ಶಾಟ್, ಅಂಕಲ್!" ಎಂದು ವಾಟ್ಸಾಪಿನಲ್ಲಿ ಕಿರುಚಿದ್ದಾಳೆ, ಹಿಂದೆ ಬೊಳ್ಳಮ್ಮಕ್ಕ ಯಾರಿಗೋ, ಕೋವಿ ಅವರದ್ದೇ, ಮದ್ದೂ ಅವರದ್ದೇ ಅಳತೆ ಎಂದು ಹೇಳುತ್ತಿರುವುದು ಕೇಳಿಸುತ್ತದೆ.

ಕೋವಿಯ ಮೇಲಿನ ಮಾತು ಅಲ್ಲಿಗೆ ಮುಗಿಯಿತು. ನನಗೆ ಉಳಿದಿರುವುದು ಒಂದೇ. ಅವತ್ತಿನ ಪಂದ್ಯದಲ್ಲಿ ನಿಮ್ಮ ಎರಡನೆಯ ಗುಂಡೂ ತಪ್ಪಿ, ಎಲ್ಲರೂ ನಿಮ್ಮನ್ನೇ ನೋಡುತ್ತಿದ್ದಾಗ, ನೀವು ಕಣ್ಣನ್ನು ಸ್ಕೋಪಿನಿಂದ ತಕ್ಷಣ ತೆಗೆಯಲಿಲ್ಲವಂತೆ, ಬೊಳ್ಳಮ್ಮಕ್ಕ ಹೇಳಿದರು. ಅಷ್ಟು ಹೊತ್ತು ಆ ಆರು ಪಟ್ಟಿನಲ್ಲಿ ಏನನ್ನು ನೋಡುತ್ತಿದ್ದಿರಿ?