ಪದ್ಮವ್ವನ ಚೀಟಿಯಲ್ಲಿ ಇಲ್ಲದ ಸಾಲು

ಖಾಸಬಾಗ, ಬೆಳಗಾವಿ
೧೨ ಅಕ್ಟೋಬರ್ ೨೦೦೦, ಗುರುವಾರ

ಪ್ರೀತಿಯ ತಮ್ಮ ಸುಮಿತನಿಗೆ,

ಅಕ್ಕನ ಆಶೀರ್ವಾದ. ನಿನ್ನ ನೆಗಡಿ ಇಳಿಯಿತೇ? ಪುಣೆಯ ನೀರು ಒಗ್ಗಿತೇ? ಕೆಮ್ಮು ಉಳಿದಿದ್ದರೆ ನೀನೇ ಡಾಕ್ಟರನೆಂದು ಸುಮ್ಮನೆ ಕೂಡಬೇಡ, ಇನ್ನೊಬ್ಬರಿಗೆ ತೋರಿಸು. ಅವ್ವ ಶೇಂಗಾ ಚಟ್ನಿ ಕುಟ್ಟಿ ಡಬ್ಬಿ ತುಂಬಿಟ್ಟು, ಪುಣೆಗೆ ಹೋಗುವವರು ಯಾರಿದ್ದಾರೆಂದು ಓಣಿಯೆಲ್ಲ ಕೇಳುತ್ತಿದ್ದಾಳೆ. ಅಪ್ಪನ ಮೊಣಕಾಲು ಹಾಗೇ ಇದೆ. ಮಗ್ಗಕ್ಕೆ ಕೂತರೆ ಏಳಲಾರರು, ಎದ್ದರೆ ಕೂಡಲಾರರು, ಆದರೂ ಒಂದು ದಿನ ಬಿಟ್ಟವರಲ್ಲ. ನಿನ್ನ ಪರೀಕ್ಷೆಯ ತಯಾರಿ ಹೇಗಿದೆಯೆಂದು ಅವರಿಬ್ಬರೂ ಕೇಳಲು ಹೇಳಿದ್ದಾರೆ. ನಾನು ಕೇಳುವುದು ಬೇರೆ ಇದೆ.

ಮೊದಲು ನಿನ್ನ ಕಾಗದದ ಮಾತಿಗೆ ಉತ್ತರ. 'ಸೂಜಿ ಬಿಟ್ಟು ಪೆನ್ನು ಹಿಡಿದಿ, ನಮ್ಮಕ್ಕ ಕಾರಕೂನಳಾದಳು' ಎಂದು ಬರೆದು ಪಕ್ಕದಲ್ಲಿ ನಗುವ ಮುಖ ಬೇರೆ ಗೀಚಿದ್ದೆ. ಹದಿನಾಲ್ಕು ವರ್ಷ ವಾರ್ಡಿನಲ್ಲಿ ನರ್ಸಾಗಿ ನಿಂತು ಕೆಲಸ ಮಾಡಿದವಳನ್ನು ಜೂನ್ ತಿಂಗಳಲ್ಲಿ ಕೆಳಗಿನ ರೆಕಾರ್ಡು ಕೋಣೆಗೆ ಕಳಿಸಿದಾಗ ನನ್ನ ಜೊತೆಯವರೂ ಹೀಗೇ ನಕ್ಕಿದ್ದರು. ನನ್ನ ಕೆಲಸ ಏನೆಂದು ನೀನು ಕೇಳಲೇ ಇಲ್ಲ, ಆದ್ದರಿಂದ ಹೇಳುತ್ತೇನೆ. ಪ್ರತಿ ರೋಗಿಯ ಕೇಸ್‌ಪೇಪರನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು. ಯಾವ ರೋಗ, ಏನು ಕೊಟ್ಟರು, ಕೊಟ್ಟ ಮೇಲೆ ಏನಾಯಿತು, ಇದರಲ್ಲಿ ಯಾವುದು ಬರೆದಿಲ್ಲವೋ ಅದನ್ನು ಡಾಕ್ಟರನ್ನೇ ಕೇಳಿ ಬರೆಸಬೇಕು. ವಾರ್ಡು ಕಂಡವರಿಗೇ ಕಾಗದದ ಸುಳ್ಳು ಗೊತ್ತಾಗುತ್ತದೆಂದು ಮೇಟ್ರನ್ ನಮ್ಮಲ್ಲಿ ಮೂವರು ನರ್ಸುಗಳನ್ನು ಆರಿಸಿದರು. ಆ ಮಾತು ಎಷ್ಟು ಖರೇ ಎಂದು ಮೊದಲ ವಾರದಲ್ಲೇ ತಿಳಿಯಿತು. ಸಾಂಬ್ರಾ ಊರಿನ ಉಳವಪ್ಪ ಎಂಬ ರೋಗಿ ಸೋಮವಾರವೇ ಗುಣವಾಗಿ ಮನೆಗೆ ಹೋಗಿದ್ದ. ಮಂಗಳವಾರದ ಪುಟದಲ್ಲಿ 'ಜ್ವರವಿಲ್ಲ, ಹೊಟ್ಟೆ ಮೃದುವಾಗಿದೆ' ಎಂದು ನಿನ್ನಂಥ ಒಬ್ಬ ಪದವೀಧರ ಡಾಕ್ಟರರು ಬರೆದು ಸಹಿ ಹಾಕಿದ್ದರು. ಬೆಳಗಾವಿಯಲ್ಲಿ ನಿಂತು ಸಾಂಬ್ರಾದ ಹೊಟ್ಟೆ ಮುಟ್ಟಿ ನೋಡುವ ಉದ್ದನೆಯ ಕೈ ನಮ್ಮ ನರ್ಸುಗಳಿಗಂತೂ ಇಲ್ಲ. ಕೇಳಲು ಹೋದರೆ, 'ಸಿಸ್ಟರ್, ನಿಮಗ ಬ್ಯಾರೆ ಕೆಲಸ ಇಲ್ಲೇನ್ರಿ?' ಎಂದರು. ಇದೇ ನನ್ನ ಕೆಲಸ ಎಂದೆ. ನಿಮ್ಮ ಡಾಕ್ಟರ್ ಜಾತಿಯವರಿಗೆ ಏಳು ಪುಸ್ತಕ ಬಾಯಿಪಾಠ ಇರುತ್ತದೆ, ಕಣ್ಣೆದುರಿನ ಮನುಷ್ಯನ ಬಗ್ಗೆ ಏಳು ಶಬ್ದ ಬರೆಯಲು ಮಾತ್ರ ಕೈ ನೋಯುತ್ತದೆ.

ಈಗ ಪದ್ಮವ್ವನ ವಿಷಯ. ಖಾನಾಪುರದ ಕಡೆಯ ಬೀಡಿ ಎಂಬ ಊರಿನವಳು, ಅರವತ್ತು ದಾಟಿದವಳು, ಆಡು ಮೇಯಿಸುವವಳು. ಅಂಗಾಲಿಗೆ ಮುಳ್ಳು ಮುರಿದು, ಕೀವಾಗಿ, ಕಾಲು ಮೊಣಕಾಲಿನವರೆಗೆ ಬಾತಿತ್ತು. ಹೋದ ತಿಂಗಳು ಇಪ್ಪತ್ತೊಂಬತ್ತನೇ ತಾರೀಖು ಅವಳ ಮಗ ನಾಗಲಿಂಗ ಮುಂಜಾನೆ ಖಾನಾಪುರದ ಒಂದು ನರ್ಸಿಂಗ್ ಹೋಮಿಗೆ ತೋರಿಸಿ, ಅಲ್ಲಿಯ ಚೀಟಿ ಹಿಡಿದು ಮಧ್ಯಾಹ್ನ ನಮ್ಮಲ್ಲಿಗೆ ಕರೆತಂದ. ಅವನು ಹೆಸರು ಬರೆಸಲು ಕೆಳಗೆ ಸಾಲಿನಲ್ಲಿ ನಿಂತಿದ್ದಾಗ, ಮೇಲೆ ಡ್ಯೂಟಿ ಡಾಕ್ಟರು ಚೀಟಿ ನೋಡಿದರು; ಮುದುಕಿ ಜ್ವರದ ಮಂಪರಿನಲ್ಲಿದ್ದಳು. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಪೆನ್ಸಿಲಿನ್ ಹಾಕಿರೆಂದರು. ಒಗ್ಗುತ್ತದೋ ಇಲ್ಲವೋ, ಮೊದಲು ಚರ್ಮಕ್ಕೆ ಚೂರೇ ಚುಚ್ಚಿ ನೋಡೋಣ ಎಂದ ವಾರ್ಡಿನ ನರ್ಸ್ ರೂಪಾಲಿಗೆ, 'ಖಾನಾಪುರದಾಗ ನೋಡೇ ಕಳಿಸಿರ್ತಾರ, ಹಾಕು' ಎಂದು ಗದರಿದರು. ಐದು ನಿಮಿಷದಲ್ಲಿ ಮುದುಕಿಯ ಮುಖ ಬಾತುಕೊಂಡಿತು, ಗಂಟಲು ಕಟ್ಟಿತು, ನಾಡಿ ಸಿಗದಾಯಿತು. ನಾಲ್ಕು ಜನ ಹೆಣಗಾಡಿ ಜೀವ ಉಳಿಸಿದರು. ಎರಡು ದಿನ ಆಕ್ಸಿಜನ್ ಮೇಲೆ ಇದ್ದಳು. ಇಷ್ಟೆಲ್ಲ ಆದದ್ದಕ್ಕೆ ಕೇಸ್‌ಪೇಪರಿನಲ್ಲಿ ಇದ್ದದ್ದು, 'ರೋಗಿ ಕುಸಿದರು, ಉಪಚರಿಸಲಾಯಿತು.'

ಮರುದಿನ ಆ ಕಾಗದ ನನ್ನ ಮೇಜಿಗೆ ಬಂತು. ಕುಸಿದದ್ದು ಏಕೆಂದು ಡಾಕ್ಟರನ್ನು ಕೇಳಿದರೆ ಭುಜ ಹಾರಿಸಿದರು. ಹೊರಗೆ ಗೋಡೆಗೆ ಒರಗಿ ನಿಂತಿದ್ದ ನಾಗಲಿಂಗನನ್ನು ಕೇಳಿದೆ. 'ಖಾನಾಪುರದಾಗೂ ಸೂಜಿ ಮಾಡಿದ ಕೂಡ್ಲೆ ಹಿಂಗ ಮಾರಿ ಬಾತಿತ್ರಿ ಅಕ್ಕಾರ. ಅಲ್ಲಿ ಡಾಕ್ಟರ್ ಸಾಹೇಬ್ರು ಇನ್ನೊಂದು ಸೂಜಿ ಮಾಡಿದ ಮ್ಯಾಲೆ ಇಳೀತು. ನಾ ಇದನ್ನ ಬೆಳಗಾವ್ಯಾಗ ಹೇಳಬೇಕೇನ್ರಿ ಅಂತ ಕೇಳಿದ್ನಿ. ನೀ ಏನೂ ಹೇಳೂದು ಬ್ಯಾಡ, ನಾ ಎಲ್ಲಾ ಬರದೀನಿ, ಚೀಟಿ ತೋರ್ಸು ಸಾಕು ಅಂದ್ರು' ಎಂದ. ನಾನು ಕೇಸ್‌ಪೇಪರಿನ ಹಿಂದೆ ಚುಚ್ಚಿಟ್ಟಿದ್ದ ಆ ಚೀಟಿಯನ್ನು ತಿರುವಿ ನೋಡಿದೆ. 'ಕಾಲಿಗೆ ಸೋಂಕು, ಜ್ವರ, ಮುಂದಿನ ಚಿಕಿತ್ಸೆಗಾಗಿ.' ಒಂದೇ ಸಾಲು. ಕೆಳಗೆ ಸಹಿ.

ಸುಮಿತ, ಆ ಸಹಿ ನಿನ್ನದು.

ನಿನಗೆ ಅಕ್ಷರ ತಿದ್ದಿಸಿದವಳು ನಾನು. ಆದರೂ ನನ್ನ ಕಣ್ಣೇ ತಪ್ಪಿರಲಿ ಎಂದು ಬಯಸಿ, ಭಾನುವಾರ ಸೂಟಿಯ ದಿನ ಬಸ್ಸು ಹತ್ತಿ ಖಾನಾಪುರಕ್ಕೆ ಹೋದೆ. ಪುಣೆಗೆ ಹೋಗುವ ದಿನದವರೆಗೂ ನೀನು ಕೆಲಸ ಮಾಡಿದ ನರ್ಸಿಂಗ್ ಹೋಮಿನಲ್ಲಿ ಪ್ರಮಿಳಾ ಎಂಬ ನರ್ಸ್ ಇದ್ದಾಳಲ್ಲ, ನೀನು ಯಾವಾಗಲೂ 'ಹಳ್ಳಿ ನರ್ಸು' ಎನ್ನುತ್ತಿದ್ದವಳು, ಅವಳು ತನ್ನ ವಹಿ ತೆಗೆದು ತೋರಿಸಿದಳು. ಎಷ್ಟು ಗಂಟೆಗೆ ಪೆನ್ಸಿಲಿನ್ ಕೊಟ್ಟರು, ಎಷ್ಟು ಗಂಟೆಗೆ ಮುಖ ಬಾತಿತು, ನೀನು ಏನು ಕೊಟ್ಟೆ, ಯಾವಾಗ ಉಸಿರು ಸರಿಯಾಯಿತು, ಎಲ್ಲ ಇತ್ತು. ದುಂಡನೆಯ ಅಕ್ಷರದಲ್ಲಿ ಐದು ಸಾಲು. ನೀನು ಸರಿಯಾದ ಔಷಧ ಕೊಟ್ಟು ಅವಳನ್ನು ಉಳಿಸಿದ್ದೆ ಎಂಬುದೂ ಅದರಲ್ಲೇ ಇತ್ತು. ಉಳಿಸಿ, ಅದನ್ನು ಬರೆಯದೆ, ಮತ್ತೆ ಸಾಯಲು ಕಳಿಸಿದೆ. ಚೀಟಿಯಲ್ಲಿ ನೀನು ಏಕೆ ಬರೆಯಲಿಲ್ಲವೆಂದು ಅವಳನ್ನು ಕೇಳಿದೆ. 'ಡಾಕ್ಟರಿಗೆ ಪುಣೆ ಬಸ್ಸಿನ ಅವಸರ ಇತ್ರಿ' ಎಂದಳು. ನಾಚಿಕೆಯಿಂದ ಅವಳ ಮುಂದೆ ನಾನು ತಲೆ ಎತ್ತಲಿಲ್ಲ. ನೀನು ದೊಡ್ಡ ಪರೀಕ್ಷೆ ಪಾಸಾಗಿ ಇನ್ನೂ ದೊಡ್ಡ ಡಾಕ್ಟರನಾಗುತ್ತೀಯಂತೆ. ಆಗು. ಎಷ್ಟು ದೊಡ್ಡವನಾದರೂ ಆ ಐದು ಸಾಲಿನ ಪ್ರಮಿಳಾಳಿಗಿಂತ ಚಿಕ್ಕವನಾಗಿಯೇ ಇರುತ್ತೀ.

ಮೊನ್ನೆ ನಮ್ಮ ದೊಡ್ಡ ಡಾಕ್ಟರು ನನ್ನನ್ನು ಕರೆಸಿದರು. ಚೀಟಿಯ ಸಹಿ ಯಾರದೆಂದು ಅವರಿಗೂ ಗೊತ್ತಾಗಿತ್ತು. ಪದ್ಮವ್ವನ ಕೇಸ್‌ಪೇಪರು ಇಪ್ಪತ್ತನೇ ತಾರೀಖು ಶುಕ್ರವಾರ ಆಸ್ಪತ್ರೆಯ ಸಮಿತಿಯ ಮುಂದೆ ಹೋಗುತ್ತದೆ. ರೋಗಿಯ ಕಡೆಯವರು ಮೊದಲಿನ ತೊಂದರೆಯನ್ನು ಮುಚ್ಚಿಟ್ಟಿದ್ದರು ಎಂದು ಒಂದು ಸಾಲು ಸೇರಿಸು ಎಂದರು. 'ದಾನೇಶ್ವರಿ, ನಮ್ಮ ಡ್ಯೂಟಿ ಡಾಕ್ಟರ್ ಹುಡುಗನೂ ಉಳೀತಾನ, ನಿಮ್ಮ ತಮ್ಮನೂ ಉಳೀತಾನ. ಒಂದ ಸಾಲಲ್ಲೇನು?' ಸುಳ್ಳು ಹೇಳುವುದಿಲ್ಲ, ನಾನು ಪೆನ್ನಿನ ಮುಚ್ಚಳ ತೆಗೆದೆ. ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು, ನಿನ್ನ ಹೆಸರು ಕೆಡುವುದು ನನಗೆ ಬೇಕೇ? ಆದರೆ ಮೇಲಿನ ವಾರ್ಡಿನಲ್ಲಿ ಆ ಮುದುಕಿ, ತನ್ನ ಆಡುಗಳನ್ನು ಮೇಯಲು ಯಾರು ಹೊಡೆದುಕೊಂಡು ಹೋದರೋ ಎಂದು ಬಂದವರನ್ನೆಲ್ಲ ಕೇಳುತ್ತ ಮಲಗಿದ್ದಳು. ಅವಳ ಮಗ ಹೇಳಲು ಬಂದಾಗ ಬಾಯಿ ಮುಚ್ಚಿಸಿದವನು ನೀನು. ಈಗ ಅವನೇ ಮುಚ್ಚಿಟ್ಟನೆಂದು ಬರೆಯಬೇಕಂತೆ. 'ಆಗೂದಿಲ್ರಿ ಸರ್' ಎಂದೆ. ನಾಗಲಿಂಗ ಹೇಳಿದ್ದು, ಪ್ರಮಿಳಾಳ ವಹಿಯಲ್ಲಿ ಕಂಡದ್ದು, ನಿನ್ನ ಚೀಟಿಯಲ್ಲಿ ಇಲ್ಲದ್ದು, ನಮ್ಮ ಡಾಕ್ಟರು ರೂಪಾಲಿಯನ್ನು ಗದರಿದ್ದು, ಎಲ್ಲವನ್ನೂ ಬರೆದು ಸಹಿ ಮಾಡಿ ಕೊಟ್ಟೆ. ಆ ದಿನದಿಂದ ಡಾಕ್ಟರರಾರೂ ನನ್ನ ನಮಸ್ಕಾರಕ್ಕೆ ತಿರುಗಿ ನೋಡುವುದಿಲ್ಲ. ಅಂಥವರ ನೋಟವಿಲ್ಲದೆ ನನಗೇನೂ ಕಡಿಮೆಯಾಗಿಲ್ಲ.

ಅಪ್ಪ ಅವ್ವನಿಗೆ ಇನ್ನೂ ಹೇಳಿಲ್ಲ. ಹೊತ್ತು ಹೊತ್ತಿಗೆ ಉಣ್ಣು. ಬಸವಣ್ಣ ನಿನಗೆ ಬುದ್ಧಿ ಕೊಡಲಿ. ಆಯುಷ್ಯ, ಆರೋಗ್ಯವನ್ನು ಬೇಡಿಕೊಳ್ಳಲು ಅವ್ವ ಇದ್ದಾಳೆ.

ನಿನ್ನ ಅಕ್ಕ,
ದಾನೇಶ್ವರಿ

ತಾ.ಕ.: ಲಕೋಟೆ ಇನ್ನೂ ಅಂಟಿಸದೆ ಕೆಲಸಕ್ಕೆ ತಂದಿದ್ದೆ, ಅಷ್ಟರಲ್ಲಿ ನಾಗಲಿಂಗ ರೆಕಾರ್ಡು ಕೋಣೆಗೆ ಬಂದ. ಇಂಗ್ಲಿಷಿನಲ್ಲಿ ಟೈಪು ಮಾಡಿದ ಒಂದು ಹಾಳೆಗೆ ಸಹಿ ಹಾಕು, ನಾಳೆ ನಿನ್ನ ಅವ್ವನನ್ನು ಮನೆಗೆ ಕಳಿಸುತ್ತೇವೆ ಎಂದು ನಮ್ಮ ಡಾಕ್ಟರರು ಹೇಳಿದ್ದರಂತೆ. 'ಇದರಾಗ ಏನ ಐತಿ, ಓದಿ ಹೇಳ್ರಿ ಅಕ್ಕಾರ' ಎಂದ. ತಪ್ಪೆಲ್ಲ ತನ್ನದೇ ಎಂದು ಅವನು ಒಪ್ಪಿಕೊಂಡ ಹಾಗೆ ಇತ್ತು. ಓದಿ ಹೇಳಿದೆ. ಹಾಳೆ ಮಡಚಿ ಅಂಗಿಯ ಕಿಸೆಗೆ ಇಟ್ಟುಕೊಂಡ, ಸಹಿ ಹಾಕಲಿಲ್ಲ. ಖಾನಾಪುರದ ಆ ಡಾಕ್ಟರ್ ಯಾರು, ಈಗ ಎಲ್ಲಿದ್ದಾರೆ ಎಂದು ಕೇಳಿದ. ನನ್ನ ತಮ್ಮ, ಈಗ ಪುಣೆಯಲ್ಲಿದ್ದಾನೆ ಎಂದೆ. 'ನೀವು ಖರೇ ಬರದೀರಿ. ಅವರಿಗೂ ಬರಿಯಾಕ ಹೇಳ್ರಿ' ಎಂದು ಹೋದ. ಅದಕ್ಕೇ ಹೇಳುತ್ತಿದ್ದೇನೆ, ಅಂದು ಏನಾಯಿತೆಂದು ನಿನ್ನ ಕೈಯಿಂದ ಬರೆದು, ಸಹಿ ಮಾಡಿ, ನನಗಲ್ಲ, ನೇರವಾಗಿ ಸಮಿತಿಗೆ ರಜಿಸ್ಟರ್ ಪೋಸ್ಟಿನಲ್ಲಿ ಕಳಿಸು. ಇಪ್ಪತ್ತನೇ ತಾರೀಖಿನೊಳಗೆ ಮುಟ್ಟಬೇಕು. ಮುಟ್ಟಿದರೆ ದೀಪಾವಳಿಗೆ ಮನೆಗೆ ಬಾ. ಮುಟ್ಟದಿದ್ದರೆ ಅಲ್ಲೇ ಇರು. ನೀನು ಏಕೆ ಬರಲಿಲ್ಲವೆಂದು ಅಪ್ಪನಿಗೆ ನಾನೇ ಹೇಳುತ್ತೇನೆ.