ಬಾಗಿಲಿನ ಬಾಯಿ ಮುಚ್ಚಿಸುವ ಎಣ್ಣೆ

ಪುಟ್ಟೀ,

ಅಡುಗೆಮನೆ ಬಾಗಿಲು ಕಿರ್ರೆಂದಾಗಲೆಲ್ಲ ದೆವ್ವ ಬಂತೆಂದು ನೀನು ಅಳುತ್ತಿದ್ದ ಕಾಲದಲ್ಲಿ, ಎಣ್ಣೆ ಹಾಕಿ ಅದರ ಬಾಯಿ ಮುಚ್ಚಿಸುತ್ತೇನೆಂದು ಮಾತು ಕೊಟ್ಟಿದ್ದೆ. ಬೇಕರಿ ಕೆಲಸದಲ್ಲಿ ಇಷ್ಟು ವರ್ಷ ಪುರುಸೊತ್ತಾಗಲಿಲ್ಲ. ಇವತ್ತು ಎಣ್ಣೆ ತಂದರೆ ನೀನು, "ಅಮ್ಮಾ, ಮುಟ್ಟಿದ್ರೆ ನೋಡು! ನಾಳೆ ಶೂಟಿಂಗು, ನನ್ನ ದೆವ್ವದ ಸಿನಿಮಾ ಶುರುವಾಗೋದೇ ಈ ಸದ್ದಿಂದ" ಅಂತ ಕೂಗಾಡಿ ಮಲಗಿಬಿಟ್ಟೆ.

ಸದ್ದು ಕೇಳಿ ಕತ್ತಲಲ್ಲಿ ಒಬ್ಬಳೇ ಹೋಗುವ ನಿನ್ನ ನಾಯಕಿಗೆ ಹೆತ್ತವರು ಬುದ್ಧಿ ಹೇಳಿಲ್ಲವೇ? ಲೈಟಿನ ಸ್ವಿಚ್ಚು ಪಕ್ಕದಲ್ಲೇ ಇದೆ.

ರಕ್ತವೆಂದು ಟೊಮೆಟೊ ಸಾಸ್ ಸುರಿಯುವುದಾದರೆ ಹಳೇ ಚಾದರದ ಮೇಲೆ ಸುರಿ. ದೆವ್ವವಾಗುವ ಗೆಳತಿಗೆ ಮೊದಲು ಊಟ ಹಾಕು. ಹಸಿದರೆ ಅವಳಿಗೆ ನಗು ತಡೆಯಲಾಗುವುದಿಲ್ಲ.

ಹೋದ ಸಲ ನಿನ್ನ ಸಿನಿಮಾ ಕಾಲೇಜಿನ ಮೇಷ್ಟ್ರು ನಿನ್ನ ಸಿನಿಮಾ ನೋಡಿ ಆಕಳಿಸಿ ಫೇಲು ಮಾಡಿದರಲ್ಲ, ಈ ಸಲ ಹೆದರಿ ಕುರ್ಚಿಯಿಂದ ಬೀಳಲಿ.

ಬಾಗಿಲಿಗೆ ಎಣ್ಣೆ ಹಾಕಿಲ್ಲ. ಕೊಟ್ಟ ಮಾತಿಗೆ ತಪ್ಪಿದ್ದೇನೆ.

ಅಮ್ಮ